ಅಂಡದಾನವೂ ಸಂಶೋಧನೆಯ ಋಣವೂ

ದೇವಋಣ, ಋಷಿಋಣ, ಪಿತೃಋಣವೆಂಬ ಮೂರು ಋಣಗಳನ್ನು ತಲೆಯ ಮೇಲೆ ಹೊತ್ತುಕೊಂಡೇ ಮನುಷ್ಯನು ಹುಟ್ಟುತ್ತಾನೆಂದು ನಮ್ಮ ಹಿರಿಯರು ಹೇಳಿಕೊಂಡು ಬಂದಿರುವುದು ವಾಚಕರಿಗೆಲ್ಲ ತಿಳಿದ ವಿಷಯವಷ್ಟೆ. ತಾಯಿಯ ಗರ್ಭದ ಹೊರಗೆ, ಪ್ರಯೋಗಶಾಲೆಯ ಗಾಜಿನ ಬಟ್ಟಲಿನಲ್ಲಿ ಬೀಜಾಂಕುರವಾಗಿ ಹುಟ್ಟಿದ ಮಕ್ಕಳು ಇಂದು ಜಗತ್ತಿನಲ್ಲಿ ಒಂದು ಕೋಟಿಗೂ ಮಿಕ್ಕಿದ್ದಾರೆ. ಈ ಮಕ್ಕಳ ಮೇಲೆಯೂ, ಇವರನ್ನು ಎತ್ತಿ ಆಡಿಸಿದ ತಾಯಿತಂದೆಗಳ ಮೇಲೆಯೂ ನಾಲ್ಕನೆಯ ಋಣವೊಂದು ಉಂಟೆಂದು ನಾವು ಎಣಿಸುತ್ತೇವೆ. ವೈದ್ಯವಿಜ್ಞಾನವು ಈ ವಿದ್ಯೆಯನ್ನು ಕಲಿಯುವುದಕ್ಕಾಗಿ ತಮ್ಮ ಶರೀರವನ್ನು ಒಡ್ಡಿ, ಅಂಡವನ್ನು ಕೊಟ್ಟು, ಮಗುವನ್ನಾಗಲಿ ಹೆಸರನ್ನಾಗಲಿ ಪಡೆಯದೆ ಬರಿಗೈಯಲ್ಲಿ ಮನೆಗೆ ಮರಳಿದ ಹೆಂಗಸರ ಋಣವದು.

ಆ ಋಣವು ಇನ್ನೂ ತೀರಿಲ್ಲ. ತೀರದಿರುವುದು ಒತ್ತಟ್ಟಿಗಿರಲಿ, ಅದನ್ನು ಲೆಕ್ಕದಲ್ಲಿ ಬರೆದುಕೊಳ್ಳುವ ಏರ್ಪಾಡು ಕೂಡ ನಮ್ಮ ದೇಶದಲ್ಲಿ ಸರಿಯಾಗಿ ಆಗಿಲ್ಲವೆಂಬುದೇ ಈ ಲೇಖನಕ್ಕೆ ಕಾರಣವಾಗಿದೆ.

ಅಂಡವನ್ನು ತೆಗೆಯುವ ಬಗೆ

ವಿಷಯವು ಸೂಕ್ಷ್ಮವಾದುದು. ಗೃಹಸ್ಥರು ನಾಲ್ಕು ಜನರ ಮುಂದೆ ಆಡಲು ಸಂಕೋಚಪಡುವಂಥದು. ಆದರೆ ಸಂಕೋಚದ ಕತ್ತಲೆಯಲ್ಲಿಯೇ ಅನ್ಯಾಯಗಳು ಬೆಳೆಯುವುದರಿಂದ, ಇದ್ದುದನ್ನು ಇದ್ದಂತೆ ಹೇಳುವುದು ಪತ್ರಿಕೆಯ ಧರ್ಮವೆಂದು ನಾವು ತಿಳಿದಿದ್ದೇವೆ.

ಪ್ರಾಯದ ಹೆಂಗಸಿನ ಅಂಡಾಶಯಗಳಲ್ಲಿ ಪ್ರತಿ ತಿಂಗಳೂ ಹಲವು ಅಂಡಗಳು ಬೆಳೆಯತೊಡಗಿದರೂ ಸಾಮಾನ್ಯವಾಗಿ ಒಂದೇ ಒಂದು ಪಕ್ವವಾಗಿ ಹೊರಬೀಳುತ್ತದೆ. ಉಳಿದವು ಅಲ್ಲಿಯೇ ಕರಗಿಹೋಗುತ್ತವೆ. ಈ ಅಂಡದ ಅಳತೆಯು ಒಂದು ಮಿಲಿಮೀಟರಿನ ಹತ್ತನೆಯ ಒಂದು ಪಾಲು ಮಾತ್ರ. ಪ್ರಯೋಗಕ್ಕೆ ಒಂದು ಸಾಲದು, ಹತ್ತಾರು ಬೇಕು. ಆದುದರಿಂದ ಮಿದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿಯು ತಾನಾಗಿ ಸುರಿಸುವ ಹಾರ್ಮೋನನ್ನೇ ಹೊರಗಿನಿಂದ ಚುಚ್ಚುಮದ್ದಿನ ರೂಪದಲ್ಲಿ, ಹೆಚ್ಚಿನ ಪ್ರಮಾಣದಲ್ಲಿ, ದಿನಂಪ್ರತಿ ಎಂಟರಿಂದ ಹನ್ನೆರಡು ದಿನಗಳವರೆಗೆ ಕೊಡುತ್ತಾರೆ. ಕರಗಿಹೋಗಬೇಕಾಗಿದ್ದ ಅಂಡಗಳೂ ಇದರಿಂದ ಬೆಳೆಯುತ್ತವೆ. ಅವು ಕಾಲಕ್ಕೆ ಮೊದಲೇ ಹೊರಬೀಳದಂತೆ ಮತ್ತೊಂದು ಔಷಧವನ್ನು ಕೊಡುತ್ತಾರೆ. ನಡುನಡುವೆ ರಕ್ತಪರೀಕ್ಷೆ, ಅಲ್ಟ್ರಾಸೌಂಡ್ ಪರೀಕ್ಷೆಗಳು ನಡೆಯುತ್ತವೆ. ಕೊನೆಗೆ ಅಂಡಗಳು ಪಕ್ವವಾಗುವುದಕ್ಕಾಗಿ ಒಂದು ಚುಚ್ಚುಮದ್ದನ್ನು ಕೊಟ್ಟು, ಸುಮಾರು 36 ಗಂಟೆಗಳ ತರುವಾಯ ಅರಿವಳಿಕೆಯಲ್ಲಿ ಮಲಗಿಸಿ, ಯೋನಿಮಾರ್ಗವಾಗಿ ಉದ್ದವಾದ ಸೂಜಿಯನ್ನು ಅಂಡಾಶಯದೊಳಕ್ಕೆ ಹಾಯಿಸಿ, ಅಂಡವಿರುವ ದ್ರವವನ್ನು ಹೀರಿ ತೆಗೆಯುತ್ತಾರೆ.

ಈ ಕ್ರಮವು ಈಗ ಬಹುಮಟ್ಟಿಗೆ ನಿರಪಾಯಕರವಾಗಿದೆಯೆಂದು ಹೇಳಬೇಕಾದುದು ನ್ಯಾಯವೇ. ಬಹುಜನರು ಹೊಟ್ಟೆಯುಬ್ಬರ, ನೋವು, ಆಯಾಸಗಳನ್ನು ಅನುಭವಿಸಿ ಕೆಲವು ದಿನಗಳಲ್ಲಿ ಚೇತರಿಸಿಕೊಳ್ಳುತ್ತಾರೆ. ಆದರೆ ಕೆಲವರಲ್ಲಿ ಅಂಡಾಶಯವು ಔಷಧಕ್ಕೆ ಮಿತಿಮೀರಿ ಕೆರಳಿ ಊದಿಕೊಳ್ಳುತ್ತದೆ. ರಕ್ತನಾಳಗಳಿಂದ ನೀರು ಸೋರಿ ಹೊಟ್ಟೆಯಲ್ಲಿ ತುಂಬುತ್ತದೆ. ರಕ್ತವು ಗಟ್ಟಿಯಾಗಿ ಹೆಪ್ಪುಗಟ್ಟುವ ಭಯವೂ ಉಂಟು. ಇದರ ಉಗ್ರರೂಪವು ನೂರರಲ್ಲಿ ಒಬ್ಬರಿಗೋ, ಅದಕ್ಕಿಂತ ಕಡಮೆ ಮಂದಿಗೋ ಬರಬಹುದಾದರೂ, ಬಂದವರ ಪಾಲಿಗೆ ಅದು ಪ್ರಾಣಸಂಕಟವೇ ಸರಿ. ಕಿರಿಯ ವಯಸ್ಸಿನವರೂ ಹೆಚ್ಚು ಅಂಡಗಳನ್ನು ಕೊಡಬಲ್ಲವರೂ ಆದ ಹೆಂಗಸರಿಗೇ ಇದರ ಭಯ ಹೆಚ್ಚು. ದಾನಕ್ಕಾಗಿ ಹುಡುಕುವುದಾದರೋ ಅಂಥವರನ್ನೇ.

ಚಿಕಿತ್ಸೆಗಾಗಿ ಬಂದವಳು ಈ ಕಷ್ಟವನ್ನು ಸಹಿಸುವುದು ತನ್ನ ಮಗುವಿನ ಆಸೆಯಿಂದ. ಸಂಶೋಧನೆಗೆ ಕೊಡುವವಳಿಗೆ ಅಂಥ ಫಲವಾವುದೂ ಇಲ್ಲ. ಆಕೆಗೆ ರೋಗವಿಲ್ಲ, ಗುಣವಾಗಬೇಕಾದುದೂ ಇಲ್ಲ. ಅಪಾಯವೆಲ್ಲ ಆಕೆಯದು, ಪ್ರಯೋಜನವೆಲ್ಲ ಇತರರದು. ಹೀಗಿರುವಲ್ಲಿ ರೋಗಿಗೆ ಸಲ್ಲುವ ರಕ್ಷಣೆಗಿಂತ ಹೆಚ್ಚಿನ ರಕ್ಷಣೆಯು ಆಕೆಗೆ ಸಲ್ಲತಕ್ಕದ್ದೆಂಬುದು ನಮ್ಮ ವಾದ. ಈ ವಿದ್ಯೆಯ ಚರಿತ್ರೆಯನ್ನು ನೋಡಿದವರಿಗೆ ಈ ವಾದದ ಬಲವು ಮನದಟ್ಟಾಗದಿರದು.

ಹೆಸರಿಲ್ಲದವರ ಚರಿತ್ರೆ

ಅಮೆರಿಕದ ಬಾಸ್ಟನ್ ನಗರದ ಬಳಿ ಡಾಕ್ಟರ್ ಜಾನ್ ರಾಕ್ ಎಂಬವರೂ ಅವರ ಸಹಾಯಕಿ ಮಿರಿಯಂ ಮೆನ್ಕಿನ್ ಎಂಬಾಕೆಯೂ 1938ರಿಂದ ಆರು ವರ್ಷಗಳ ಕಾಲ, ಬೇರೆ ಬೇರೆ ರೋಗಗಳಿಗಾಗಿ ಶಸ್ತ್ರಚಿಕಿತ್ಸೆಗೆ ಬಂದ ಹೆಂಗಸರಿಂದ ಸುಮಾರು 800 ಅಂಡಗಳನ್ನು ಸಂಗ್ರಹಿಸಿದರು. 1944ರಲ್ಲಿ ಮೊತ್ತಮೊದಲಿಗೆ ಮಾನವ ಅಂಡವು ಶರೀರದ ಹೊರಗೆ ಫಲಿತವಾದುದನ್ನು ಅವರು ಪ್ರಕಟಿಸಿದರು. ರಾಕರ ಹೆಸರು ಪ್ರಸಿದ್ಧವಾಯಿತು. ಮೆನ್ಕಿನ್ನರ ಹೆಸರು ಬಹುಕಾಲ ಮರೆಯಲ್ಲಿತ್ತು. ಅಂಡ ಕೊಟ್ಟವರ ಹೆಸರನ್ನು ಕೇಳಿದವರೇ ಇಲ್ಲ.

ಅಂಡಾಶಯವನ್ನು ಪ್ರಚೋದಿಸುವ ಔಷಧದ ಕಥೆಯು ಇನ್ನೂ ವಿಚಿತ್ರವಾದುದು. ಮುಟ್ಟು ನಿಂತ ಹೆಂಗಸರ ಮೂತ್ರದಲ್ಲಿ ಆ ಹಾರ್ಮೋನು ಸಮೃದ್ಧವಾಗಿರುವುದರಿಂದ, 1950ರ ದಶಕದಲ್ಲಿ ಇಟಲಿ ದೇಶದ ಕ್ರೈಸ್ತ ಸಂನ್ಯಾಸಿನಿಯರ ಮಠಗಳಿಂದ ಮೂತ್ರವನ್ನು ಸಂಗ್ರಹಿಸಿ ಔಷಧವನ್ನು ತಯಾರಿಸಿದರು. ಬ್ರೂನೊ ಲುನೆನ್‌ಫೆಲ್ಡ್ ಎಂಬ ವೈದ್ಯನು ಅದನ್ನು ಪ್ರಯೋಗಿಸಲಾಗಿ, ಮಕ್ಕಳಿಲ್ಲದಿದ್ದ ಹೆಂಗಸಿಗೆ 1962ರಲ್ಲಿ ಇಸ್ರೇಲಿನಲ್ಲಿ ಮಗುವಾಯಿತು. ಸಂತಾನವನ್ನು ತೊರೆದ ವೃದ್ಧ ಸಂನ್ಯಾಸಿನಿಯರಿಂದ ಪರರ ಮನೆಯಲ್ಲಿ ತೊಟ್ಟಿಲು ತೂಗುವಂತಾಯಿತು. ಅವರ ಹೆಸರನ್ನೂ ಯಾರೂ ಬರೆದಿಡಲಿಲ್ಲ.

ಇಂಗ್ಲೆಂಡಿನಲ್ಲಿ ರಾಬರ್ಟ್ ಎಡ್ವರ್ಡ್ಸ್ ಎಂಬ ವಿಜ್ಞಾನಿಯು, ಶಸ್ತ್ರಚಿಕಿತ್ಸೆಯಲ್ಲಿ ತೆಗೆದ ಅಂಡಾಶಯದ ತುಣುಕುಗಳನ್ನು ವೈದ್ಯರಿಂದ ಬೇಡಿ ತಂದು ವರ್ಷಗಟ್ಟಲೆ ಶೋಧಿಸಿ, ಮಾನವ ಅಂಡವು ಪಕ್ವವಾಗಲು ಸುಮಾರು 36 ಗಂಟೆಗಳು ಬೇಕೆಂಬುದನ್ನು 1965ರ ಹೊತ್ತಿಗೆ ಕಂಡುಕೊಂಡನು. ಇಂದು ಪ್ರತಿಯೊಂದು ಚಿಕಿತ್ಸಾಲಯದಲ್ಲಿಯೂ ಅನುಸರಿಸುವ ಕಾಲಗಣನೆಗೆ ಮೂಲವು ಅದೇ. ತರುವಾಯ ಆತನೂ, ಪ್ಯಾಟ್ರಿಕ್ ಸ್ಟೆಪ್ಟೋ ಎಂಬ ಶಸ್ತ್ರವೈದ್ಯನೂ, ಜೀನ್ ಪರ್ಡಿ ಎಂಬ ದಾದಿಯೂ ಕೂಡಿ ಓಲ್ಡ್‌ಹ್ಯಾಮ್ ಪಟ್ಟಣದ ಸಣ್ಣ ಆಸ್ಪತ್ರೆಯಲ್ಲಿ ಕಾರ್ಯಕ್ಕೆ ತೊಡಗಿದರು. ಬ್ರಿಟನ್ನಿನ ವೈದ್ಯಕೀಯ ಸಂಶೋಧನಾ ಮಂಡಲಿಯು 1971ರಲ್ಲಿ ಅವರಿಗೆ ಧನಸಹಾಯವನ್ನು ನಿರಾಕರಿಸಿತು. 1969ರಿಂದ 1978ರ ಪರ್ಯಂತ 282 ಮಂದಿ ಹೆಂಗಸರು ಅಲ್ಲಿ ಈ ಪ್ರಯೋಗಕ್ಕೆ ಒಡ್ಡಿಕೊಂಡರೆಂದು ಆ ಕಾಲದ ಟಿಪ್ಪಣಿ ಪುಸ್ತಕಗಳನ್ನು ಪರಿಶೀಲಿಸಿದವರು ಲೆಕ್ಕ ಹಾಕಿದ್ದಾರೆ. ಮೊದಲ ವರ್ಷಗಳಲ್ಲಿ ಭ್ರೂಣವನ್ನು ಗರ್ಭಕೋಶಕ್ಕೆ ಮರಳಿಸುವ ಯತ್ನವೇ ನಡೆದಿರಲಿಲ್ಲ. ಕೊಟ್ಟ ಅಂಡಗಳೆಲ್ಲ ಶುದ್ಧ ಸಂಶೋಧನೆಗೇ ಸಂದವು. ಒಂಬತ್ತು ವರ್ಷಗಳ ಈ ಶ್ರಮದಿಂದ ಹುಟ್ಟಿದ ಮಕ್ಕಳು ಇಬ್ಬರೇ. ಅವರಲ್ಲಿ ಮೊದಲನೆಯವಳು 1978ನೆಯ ಜುಲೈ 25ರಂದು ಜನಿಸಿದ ಲೂಯಿಸ್ ಬ್ರೌನ್.

ಇಬ್ಬರು ತಾಯಂದಿರ ಹರ್ಷವನ್ನು ಲೋಕವು ಕಂಡಿತು. ಉಳಿದ 280 ಮಂದಿ ಅರಿವಳಿಕೆಯನ್ನೂ ಕತ್ತರಿಯನ್ನೂ ಸಹಿಸಿ ಸುಮ್ಮನೆ ಮನೆಗೆ ಹೋದರು. ಎಡ್ವರ್ಡ್ಸನಿಗೆ 2010ರಲ್ಲಿ ನೊಬೆಲ್ ಪಾರಿತೋಷಕವು ಬಂದಿತು. ಜೀನ್ ಪರ್ಡಿಯ ಹೆಸರನ್ನೋ ಮೊದಲ ಸ್ಮಾರಕ ಫಲಕದಲ್ಲಿ ಬಿಟ್ಟೇ ಬಿಟ್ಟಿದ್ದರು. ಜೊತೆಯಲ್ಲಿ ದುಡಿದವಳ ಗತಿಯೇ ಹೀಗಾದರೆ, ಮೇಜಿನ ಮೇಲೆ ಮಲಗಿದವರನ್ನು ನೆನೆಯುವವರು ಯಾರು?

ಕಲಕತ್ತೆಯ ಪ್ರಸಂಗ

ಈ ಚರಿತ್ರೆಯಲ್ಲಿ ಭಾರತೀಯರು ಹೆಮ್ಮೆಪಡಬೇಕಾದುದೂ ನಾಚಿಕೆಪಡಬೇಕಾದುದೂ ಒಂದೇ ಪ್ರಸಂಗದಲ್ಲಿ ಅಡಗಿವೆ. ಓಲ್ಡ್‌ಹ್ಯಾಮಿನ ಪಂಡಿತರು ಪ್ರಚೋದಕ ಔಷಧಗಳನ್ನು ಬಳಸಿ ಬಳಸಿ ಸೋತು, ಕೊನೆಗೆ ಅವುಗಳನ್ನು ಬಿಟ್ಟು, ಸ್ವಾಭಾವಿಕವಾಗಿ ಪಕ್ವವಾದ ಒಂದೇ ಅಂಡದಿಂದ ಜಯ ಪಡೆದರು. ಅದೇ ವರ್ಷ ಕಲಕತ್ತೆಯಲ್ಲಿ ಡಾಕ್ಟರ್ ಸುಭಾಷ್ ಮುಖರ್ಜಿಯವರು, ಸುನೀತ್ ಮುಖರ್ಜಿ, ಸರೋಜ್ ಕಾಂತಿ ಭಟ್ಟಾಚಾರ್ಯ ಎಂಬಿಬ್ಬರ ಸಹಾಯದಿಂದ, ಬೇರೆ ದಾರಿಯನ್ನೇ ಹಿಡಿದರು. ಪ್ರಚೋದಕ ಔಷಧದಿಂದ ಹಲವು ಅಂಡಗಳನ್ನು ಬೆಳೆಸಿ, ಹೊಟ್ಟೆಯನ್ನು ತೂತು ಮಾಡದೆ ಯೋನಿಮಾರ್ಗವಾಗಿ ತೆಗೆದು, ಭ್ರೂಣವನ್ನು ಶೈತ್ಯದಲ್ಲಿ 53 ದಿನ ಕಾಪಾಡಿ, ಔಷಧದ ಪ್ರಭಾವವಿಲ್ಲದ ಬೇರೊಂದು ತಿಂಗಳಲ್ಲಿ ಗರ್ಭಕೋಶಕ್ಕೆ ಸೇರಿಸಿದರು. 1978ನೆಯ ಅಕ್ಟೋಬರ್ 3ರಂದು, ಬ್ರಿಟಿಷ್ ಶಿಶುವಿನ ತರುವಾಯ 70 ದಿನಗಳಲ್ಲಿ, ದುರ್ಗಾ ಎಂದು ಪತ್ರಿಕೆಗಳು ಕರೆದ ಹೆಣ್ಣುಮಗು ಜನಿಸಿತು.

ಫಲವೇನಾಯಿತು? ಪಶ್ಚಿಮ ಬಂಗಾಳದ ಸರಕಾರವು ನೇಮಿಸಿದ ಸಮಿತಿಯು ಅವರ ಮಾತು ನಂಬತಕ್ಕದ್ದಲ್ಲವೆಂದು ತೀರ್ಮಾನಿಸಿತು. ಅವರನ್ನು ಕಣ್ಣಿನ ಚಿಕಿತ್ಸೆಯ ಸಂಸ್ಥೆಗೆ ವರ್ಗ ಮಾಡಿದರು. 1981ನೆಯ ಜೂನ್ 19ರಂದು ಅವರು ತಮ್ಮ ಪ್ರಾಣವನ್ನು ತಾವೇ ಕಳೆದುಕೊಂಡರು. 1986ರಲ್ಲಿ ಮುಂಬಯಿಯಲ್ಲಿ ಹುಟ್ಟಿದ ಮಗುವನ್ನು ಭಾರತದ ಪ್ರಥಮ ಪ್ರನಾಳ ಶಿಶುವೆಂದು ಸಾರಿದರು. ಆ ಕಾರ್ಯದ ಮುಂದಾಳುಗಳಲ್ಲೊಬ್ಬರಾದ ಡಾಕ್ಟರ್ ಟಿ. ಸಿ. ಆನಂದಕುಮಾರರೇ ಮುಖರ್ಜಿಯವರ ಕೈಬರಹದ ಟಿಪ್ಪಣಿಗಳನ್ನು ಓದಿ, ಮೊದಲನೆಯ ಮಾನವು ತಮಗಲ್ಲ, ಆ ಮಹನೀಯನಿಗೇ ಸಲ್ಲತಕ್ಕದ್ದೆಂದು 1997ರಲ್ಲಿ ನಮ್ಮ ಬೆಂಗಳೂರಿನಿಂದ ಪ್ರಕಟವಾಗುವ ‘ಕರೆಂಟ್ ಸೈನ್ಸ್’ ಪತ್ರಿಕೆಯಲ್ಲಿ ಬರೆದರು. ತನ್ನ ಕೀರ್ತಿಯನ್ನು ತಾನೇ ಇಳಿಸಿ ಪರರಿಗೆ ಕೊಡುವ ಇಂಥ ಸತ್ಯನಿಷ್ಠೆಯು ವಿರಳವಾದುದು.

ಔಷಧದಿಂದ ಪ್ರಚೋದಿಸಿ, ಭ್ರೂಣವನ್ನು ಶೈತ್ಯದಲ್ಲಿಟ್ಟು, ಅಂಡಾಶಯವು ಶಾಂತವಾದ ಮೇಲೆ ಬೇರೆ ತಿಂಗಳಲ್ಲಿ ಗರ್ಭಕ್ಕೆ ಸೇರಿಸುವ ಕ್ರಮವೇ ಇಂದು ಅಂಡಾಶಯದ ಮಿತಿಮೀರಿದ ಕೆರಳುವಿಕೆಯನ್ನು ತಪ್ಪಿಸುವ ಮುಖ್ಯ ಉಪಾಯಗಳಲ್ಲಿ ಒಂದಾಗಿದೆ. ಅಧಿಕಾರಿಗಳ ಸಮಿತಿಯೊಂದು ಅರ್ಥವಾಗದುದನ್ನು ಸುಳ್ಳೆಂದು ತಳ್ಳಿಹಾಕಿದುದರಿಂದ ನಷ್ಟವಾದುದು ಒಬ್ಬ ವಿಜ್ಞಾನಿಯ ಪ್ರಾಣವಷ್ಟೇ ಅಲ್ಲ. ಸಂಶೋಧನೆಯನ್ನು ಹತ್ತಿಕ್ಕಬೇಕೆಂದು ನಾವು ಹೇಳುವವರಲ್ಲವೆಂಬುದಕ್ಕೆ ಈ ಪ್ರಸಂಗವನ್ನು ಇಷ್ಟು ವಿಸ್ತಾರವಾಗಿ ಹೇಳಿದೆವು. ಸಂಶೋಧನೆಯು ನಡೆಯಲೇಬೇಕು. ಮಕ್ಕಳಿಲ್ಲದ ಸೊಸೆಯನ್ನು ಬಂಜೆಯೆಂದು ಹಳಿದು, ಶುಭಕಾರ್ಯಗಳಲ್ಲಿ ಹಿಂದೆ ನಿಲ್ಲಿಸುವ ಸಮಾಜಕ್ಕೆ, ಆ ಕಣ್ಣೀರನ್ನು ಒರೆಸುವ ವಿದ್ಯೆಯನ್ನು ಬೇಡವೆನ್ನುವ ಅಧಿಕಾರವೆಲ್ಲಿಯದು?

ಕೊರಿಯಾ ಕಲಿಸಿದ ಪಾಠ

ಆದರೆ ಹತ್ತಿಕ್ಕುವುದು ಒಂದು ತಪ್ಪಾದರೆ ಕಣ್ಣು ಮುಚ್ಚಿ ಹೊಗಳುವುದು ಮತ್ತೊಂದು. ದಕ್ಷಿಣ ಕೊರಿಯಾದ ಹ್ವಾಂಗ್ ವೂ ಸುಕ್ ಎಂಬ ವಿಜ್ಞಾನಿಯು ಮಾನವ ಅಂಡಗಳಿಂದ ಕಾಂಡಕೋಶಗಳನ್ನು ತಯಾರಿಸಿದೆನೆಂದು 2004, 2005ರಲ್ಲಿ ಸಾರಲು, ಆ ದೇಶವು ಅವನನ್ನು ರಾಷ್ಟ್ರವೀರನಂತೆ ಮೆರೆಯಿಸಿತು. ದೇಶಾಭಿಮಾನದ ಆವೇಶದಲ್ಲಿ ಪ್ರಶ್ನೆ ಕೇಳಿದವರನ್ನು ದ್ರೋಹಿಗಳೆಂದರು. ಕೊನೆಗೆ 2006ನೆಯ ಜನವರಿಯಲ್ಲಿ ಸಿಯೋಲ್ ರಾಷ್ಟ್ರೀಯ ವಿಶ್ವವಿದ್ಯಾನಿಲಯದ ಸಮಿತಿಯು ಅವನ ಸಾಧನೆಯು ಕಟ್ಟುಕಥೆಯೆಂದು ತಿಳಿಸಿತು. ಅಲ್ಲಿನ ರಾಷ್ಟ್ರೀಯ ಜೈವನೀತಿ ಸಮಿತಿಯ ಲೆಕ್ಕದಂತೆ 119 ಮಂದಿ ಹೆಂಗಸರಿಂದ 2221 ಅಂಡಗಳನ್ನು ಈ ಕೆಲಸಕ್ಕಾಗಿ ತೆಗೆದಿದ್ದರು. ಕೆಲವರಿಗೆ ಹಣವನ್ನು ಕೊಟ್ಟಿದ್ದರು. ಅವನ ಕೈಕೆಳಗೆ ದುಡಿಯುತ್ತಿದ್ದ ಇಬ್ಬರು ಕಿರಿಯ ಸಂಶೋಧಕಿಯರೂ ಅಂಡ ಕೊಟ್ಟಿದ್ದರು. ಒಡೆಯನು ಕೇಳದಿದ್ದರೂ ಆಳು ಕೊಡುವುದು ದಾನವೆನಿಸೀತೆ? ಕೆಲವರು ಅಂಡಾಶಯದ ಕೆರಳುವಿಕೆಯಿಂದ ನರಳಿದರು. ಆ ಎರಡು ಸಾವಿರಕ್ಕೂ ಮಿಕ್ಕ ಅಂಡಗಳಿಂದ ಅವನು ಸಾರಿದ ವಿದ್ಯೆಯು ಸಿದ್ಧಿಸಲೇ ಇಲ್ಲ.

ದೇಶಾಭಿಮಾನವನ್ನು ನಾವು ಯಾವಾಗಲೂ ಎತ್ತಿ ಹಿಡಿಯುವವರು. ಆದುದರಿಂದಲೇ ಹೇಳುತ್ತೇವೆ: ಹೆಣ್ಣುಮಕ್ಕಳ ಶರೀರದ ಲೆಕ್ಕವನ್ನು ಕೇಳದ ದೇಶಾಭಿಮಾನವು ಅಭಿಮಾನವಲ್ಲ, ಅಮಲು.

ನಮ್ಮ ಕಾಯಿದೆಯ ಕೊರತೆ

ಇನ್ನು ನಮ್ಮ ದೇಶದ ಸ್ಥಿತಿಯನ್ನು ನೋಡೋಣ. ಬಹುಕಾಲ ಇಲ್ಲಿ ಕಾಯಿದೆಯೇ ಇರಲಿಲ್ಲ. ಪಟ್ಟಣ ಪಟ್ಟಣಗಳಲ್ಲಿ ಚಿಕಿತ್ಸಾಲಯಗಳು ಎದ್ದವು, ಬಡ ಹೆಂಗಸರು ಅಂಡ ಕೊಡುವುದು ಕಸುಬಿನಂತಾಯಿತು. ನೆರವಿನ ಸಂತಾನೋತ್ಪತ್ತಿ ತಂತ್ರಗಳನ್ನು ನಿಯಂತ್ರಿಸುವ ಕಾಯಿದೆಯು 2021ರಲ್ಲಿ ಪಾರ್ಲಿಮೆಂಟಿನಲ್ಲಿ ಅಂಗೀಕೃತವಾಗಿ 2022ನೆಯ ಜನವರಿಯಲ್ಲಿ ಜಾರಿಗೆ ಬಂದಿತು. ಅದೇ 2022ರಲ್ಲಿ ನೆರೆಯ ತಮಿಳುನಾಡಿನ ಈರೋಡಿನಲ್ಲಿ, ಹದಿನಾರು ವರ್ಷದ ಬಾಲಕಿಯಿಂದ ಹಲವು ಬಾರಿ ಅಂಡಗಳನ್ನು ತೆಗೆಯಿಸಿ ಮಾರಿದ ಸಂಗತಿಯು ಬೆಳಕಿಗೆ ಬಂದು, ಹೆತ್ತ ತಾಯಿಯನ್ನೂ ಪೋಲೀಸರು ಬಂಧಿಸಬೇಕಾಯಿತು. ಊರು ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದಂತಾಯಿತು ನಮ್ಮ ಕಾಯಿದೆಯ ಕಥೆ.

ಆದರೂ ಕಾಯಿದೆಯಲ್ಲಿ ಒಳ್ಳೆಯ ಅಂಶಗಳಿವೆ. ಅಂಡ ಕೊಡುವವಳ ವಯಸ್ಸು 23ರಿಂದ 35ರ ಒಳಗಿರಬೇಕು. ಜೀವಮಾನದಲ್ಲಿ ಒಮ್ಮೆ ಮಾತ್ರ ಕೊಡಬಹುದು. ಏಳಕ್ಕಿಂತ ಹೆಚ್ಚು ಅಂಡಗಳನ್ನು ತೆಗೆಯಕೂಡದು. ಅಂಡವನ್ನು ಪಡೆಯುವ ದಂಪತಿಗಳು ಆಕೆಯ ಹೆಸರಿನಲ್ಲಿ ಹನ್ನೆರಡು ತಿಂಗಳ ವಿಮೆ ಮಾಡಿಸಬೇಕು. ಇವೆಲ್ಲ ಯುಕ್ತವಾದುವೇ.

ಕೊರತೆ ಇರುವುದು ಇಲ್ಲಿಯೇ. ವಿಮೆಯ ಭಾರವನ್ನು ಕಾಯಿದೆಯು ಮಗುವನ್ನು ಬಯಸುವ ದಂಪತಿಗಳ ಮೇಲೆ ಹೊರಿಸಿದೆ. ಸಂಶೋಧನೆಗಾಗಿ ಅಂಡ ಕೊಟ್ಟಲ್ಲಿ ಅಂಥ ದಂಪತಿಗಳೆಲ್ಲಿ? ಸಂಶೋಧನೆಯ ವಿಷಯವಾಗಿ ಕಾಯಿದೆಯು ಹೇಳುವುದು ಅಂಡ, ವೀರ್ಯ, ಭ್ರೂಣಗಳ ಬಳಕೆಯು ನಿಯಮಗಳಲ್ಲಿ ವಿಧಿಸಿದ ರೀತಿಯಲ್ಲಿ ನಡೆಯಬೇಕೆಂದಷ್ಟೆ. ವಸ್ತುವಿನ ಮಾತುಂಟು, ಅದನ್ನು ಕೊಟ್ಟವಳ ಮಾತು ಅಲ್ಲಿಲ್ಲ. ಸಂಶೋಧನೆಯಿಂದ ಹಾನಿಗೊಳಗಾದವರಿಗೆ ಚಿಕಿತ್ಸೆಯೂ ಪರಿಹಾರವೂ ದೊರೆಯಬೇಕೆಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಲಿಯು 2017ರ ಮಾರ್ಗಸೂಚಿಯಲ್ಲಿ ಹೇಳಿರುವುದು ನಿಜ. ಆದರೆ ಮಾರ್ಗಸೂಚಿಯು ದಾರಿಯನ್ನು ತೋರಿಸುತ್ತದೆಯೇ ಹೊರತು, ಕಾಯಿದೆಯಂತೆ ಕೈಹಿಡಿದು ನಡೆಸಲಾರದು.

ಆಗಬೇಕಾದುದೇನು?

ಮೊದಲನೆಯದಾಗಿ, ಸಂಶೋಧನೆಗಾಗಿಯೇ ಆರೋಗ್ಯವಂತ ಹೆಂಗಸಿನ ಅಂಡಾಶಯವನ್ನು ಪ್ರಚೋದಿಸುವುದು ಕೊನೆಯ ಉಪಾಯವಾಗಬೇಕು. ಚಿಕಿತ್ಸೆಯಲ್ಲಿ ಪಕ್ವವಾಗದೆ ಉಳಿದ, ಫಲಿಸದೆ ಹೋದ ಅಂಡಗಳು ಪ್ರಯೋಗಶಾಲೆಗಳಲ್ಲಿ ದಿನವೂ ವ್ಯರ್ಥವಾಗುತ್ತವೆ. ಒಪ್ಪಿಗೆ ಪಡೆದು ಅವುಗಳನ್ನು ಬಳಸಿ, ಅವು ಸಾಲದೆಂದು ಸಿದ್ಧಪಟ್ಟ ಮೇಲೆಯೇ ಮುಂದಿನ ಮಾತು.

ಎರಡನೆಯದಾಗಿ, ಒಪ್ಪಿಗೆಯನ್ನು ಪಡೆಯುವವನು ಆಕೆಗೆ ಚಿಕಿತ್ಸೆ ಮಾಡುವ ವೈದ್ಯನಾಗಲಿ, ಆಕೆಗೆ ಸಂಬಳ ಕೊಡುವ ಒಡೆಯನಾಗಲಿ ಆಗಿರಕೂಡದು. ಒಪ್ಪಿಗೆಯ ಪತ್ರವು ಆಕೆಯ ಮಾತೃಭಾಷೆಯಲ್ಲಿರಬೇಕು. ಕನ್ನಡನಾಡಿನಲ್ಲಿ ಕನ್ನಡತಿಯೊಬ್ಬಳು ತನಗೆ ತಿಳಿಯದ ಇಂಗ್ಲಿಷ್ ಹಾಳೆಯ ಕೆಳಗೆ ಹೆಬ್ಬೆಟ್ಟನ್ನೊತ್ತಿದರೆ ಅದನ್ನು ಒಪ್ಪಿಗೆಯೆಂದು ಕರೆಯುವುದು ಆತ್ಮವಂಚನೆ. ಕೊಟ್ಟ ಒಪ್ಪಿಗೆಯನ್ನು ಯಾವ ದಂಡವೂ ಇಲ್ಲದೆ ಹಿಂದಕ್ಕೆ ತೆಗೆದುಕೊಳ್ಳುವ ಅವಕಾಶವೂ ಇರಬೇಕು.

ಮೂರನೆಯದಾಗಿ, ದಂಪತಿಗಳಿಲ್ಲದೆಡೆಯಲ್ಲಿ ಸಂಶೋಧನೆಯನ್ನು ನಡೆಸುವ ಸಂಸ್ಥೆಯೇ ವಿಮೆಯನ್ನು ಮಾಡಿಸತಕ್ಕದ್ದೆಂದು ಕಾಯಿದೆಯಲ್ಲಿ ಸ್ಪಷ್ಟವಾಗಿ ಸೇರಿಸಬೇಕು.

ನಾಲ್ಕನೆಯದು ಹಣದ ವಿಚಾರ. ಅಮೆರಿಕದ ನ್ಯೂಯಾರ್ಕ್ ಸಂಸ್ಥಾನವು 2009ರಲ್ಲಿ ಸಂಶೋಧನೆಗೆ ಅಂಡ ಕೊಡುವವರಿಗೆ ಸರಕಾರದ ಧನದಿಂದಲೇ ಹಣ ಕೊಡಬಹುದೆಂದು ತೀರ್ಮಾನಿಸಿತು. ಶ್ರಮಕ್ಕೆ ಬೆಲೆಯಿಲ್ಲವೆ ಎಂಬುದು ಅವರ ವಾದ. ಆ ವಾದದಲ್ಲಿ ಹುರುಳಿಲ್ಲದೆ ಇಲ್ಲ. ಆದರೆ ಮಗಳ ಶಾಲೆಯ ಫೀಜಿಗೂ ಮನೆಬಾಡಿಗೆಗೂ ದಾರಿ ಕಾಣದ ಹೆಂಗಸರಿರುವ ದೇಶದಲ್ಲಿ ಅಂಡಕ್ಕಿಷ್ಟೆಂದು ಬೆಲೆ ಕಟ್ಟಿದರೆ, ಕೊಡುವವಳು ಅಪಾಯವನ್ನು ಅಳೆಯುವುದಿಲ್ಲ, ಹಣವನ್ನು ಎಣಿಸುತ್ತಾಳೆ. ಹಾಗೆಂದು ಎಲ್ಲರಿಗೂ ಸಂಬಳವಿರುವ ಪ್ರಯೋಗಶಾಲೆಯಲ್ಲಿ ಆಕೆಯೊಬ್ಬಳು ಮಾತ್ರ ತ್ಯಾಗದ ಹೆಸರಿನಲ್ಲಿ ತನ್ನ ಕೂಲಿಯನ್ನು ಕಳೆದುಕೊಳ್ಳಬೇಕೆಂಬುದೂ ನ್ಯಾಯವಲ್ಲ. ಕಳೆದ ದಿನಗಳ ಕೂಲಿ, ಪ್ರಯಾಣದ ವೆಚ್ಚ, ಪಟ್ಟ ಶ್ರಮಕ್ಕೆ ಗೊತ್ತುಮಾಡಿದ ಮಿತವಾದ ಪರಿಹಾರ, ಇವು ಎಷ್ಟು ಅಂಡಗಳು ದೊರೆತರೂ ಒಂದೇ ಆಗಿರಬೇಕು. ಬ್ರಿಟನ್ನಿನಲ್ಲಿ 2012ರಿಂದ ಇಂಥ ನಿಗದಿಯಾದ ಪರಿಹಾರದ ಕ್ರಮವೇ ನಡೆದುಬಂದಿದೆ.

ಕೊನೆಯದಾಗಿ, ಅಂಡ ಕೊಟ್ಟವರ ಆರೋಗ್ಯವನ್ನು ಹಲವು ವರ್ಷಗಳವರೆಗೆ ವಿಚಾರಿಸುವ ದಾಖಲೆಯೊಂದು ಇರಬೇಕು. ಅಂಡವನ್ನು ಹಿಮದಲ್ಲಿಟ್ಟು ವರ್ಷಗಟ್ಟಲೆ ಜೋಪಾನ ಮಾಡುತ್ತೇವೆ. ಕೊಟ್ಟವಳು ಮರುವರ್ಷ ಹೇಗಿದ್ದಾಳೆಂದು ಕೇಳುವವರಿಲ್ಲ. ಹೆಸರನ್ನು ಗುಟ್ಟಾಗಿರಿಸಿ ಆರೋಗ್ಯವನ್ನು ಬರೆದಿಡುವುದು ಅಸಾಧ್ಯವಾದ ಕಾರ್ಯವೇನಲ್ಲ.

ಈ ಪತ್ರಿಕೆಯನ್ನೋದುವ ಮಹನೀಯರಲ್ಲಿ ಆಸ್ಪತ್ರೆಗಳ ನೀತಿಸಮಿತಿಗಳಲ್ಲಿ ಕುಳಿತಿರುವವರಿದ್ದಾರೆ, ಪರವಾನೆಯ ಕಾಗದಗಳಿಗೆ ರುಜು ಹಾಕುವ ಅಧಿಕಾರಿಗಳಿದ್ದಾರೆ, ಮಗುವಿಗಾಗಿ ಚಿಕಿತ್ಸಾಲಯದ ಬೆಂಚಿನ ಮೇಲೆ ಕಾದು ಕುಳಿತ ಗೃಹಸ್ಥರೂ ಇದ್ದಾರೆ. ಅವರಿಗೆಲ್ಲ ನಮ್ಮ ಬಿನ್ನಹ ಒಂದೇ. ಮುಂದಿನ ಸಲ ಸಂಶೋಧನೆಯ ಕಾಗದವೊಂದು ಎದುರಿಗೆ ಬಂದಾಗ ಅಂಡಗಳೆಷ್ಟು ಎಂದು ಕೇಳುವುದಕ್ಕೆ ಮೊದಲು, ಕೊಡುವವಳು ಯಾರು, ಆಕೆಗೆ ತಿಳಿಸಿದ್ದೀರಾ, ಆಕೆಗೆ ತೊಂದರೆಯಾದರೆ ಹೊಣೆ ಯಾರದು ಎಂದು ಕೇಳಿರಿ. ಈ ಮೂರು ಪ್ರಶ್ನೆಗಳಿಗೆ ಬರಹದಲ್ಲಿ ಉತ್ತರ ಬಾರದ ಪರ್ಯಂತ ರುಜು ಹಾಕದಿರಿ. ಓಲ್ಡ್‌ಹ್ಯಾಮಿನ ಆ 280 ಮಂದಿಯ ಋಣವನ್ನು ನಾವು ತೀರಿಸಲಾರೆವು. ನಮ್ಮ ಊರಿನ ಹೆಣ್ಣುಮಗಳ ಮೇಲೆ ಹೊಸ ಋಣವನ್ನು ಬೆಳೆಸದಿರುವುದು ಮಾತ್ರ ನಮ್ಮ ಕೈಯಲ್ಲಿದೆ.